ಟ್ಯಾಂಕಿನ ಕೆಳಗೆ ಓದಿದ ಸುದ್ದಿ

ಆಯುಧಪೂಜೆಯ ದಿನ ಪೀಣ್ಯದ ರಸ್ತೆಗಳಲ್ಲಿ ನಡೆಯುವುದೆಂದರೆ ಬೂದುಗುಂಬಳದ ಮೇಲೆ ನಡೆಯುವುದು ಎಂದೇ ಅರ್ಥ. ಪ್ರತಿ ಷೆಡ್ಡಿನ ಮುಂದೆ ಒಂದೊಂದು ಒಡೆದಿರುತ್ತದೆ. ಒಳಗೆ ತುಂಬಿದ್ದ ಕುಂಕುಮ ರಸ್ತೆಗೆಲ್ಲ ಚೆಲ್ಲಿ, ಅದರ ಮೇಲೆ ಲಾರಿ ಹತ್ತಿ, ಬೈಕು ಹತ್ತಿ, ತಿರುಳು ಟಾರಿಗೆ ಅಂಟಿಕೊಂಡಿರುತ್ತದೆ. ಹಸಿ ಕುಂಬಳದ ಆ ಸಪ್ಪೆ ವಾಸನೆ, ಅದರ ಜೊತೆಗೆ ಮೆಷಿನ್ ಎಣ್ಣೆಯದು, ಚೆಂಡುಹೂವಿನದು, ಊದುಬತ್ತಿಯದು... ಈ ವರ್ಷವೂ ಮೂಗಿಗೆ ಬಡಿಯಿತು. ಎಲ್ಲರಿಗೂ ಅದು ಹಬ್ಬದ ವಾಸನೆ. ನನಗೆ ಮಾತ್ರ ಬಾಯಿ ಕಹಿಯಾಗುತ್ತದೆ. ಆ ವಾಸನೆ ಬಂದ ಕೂಡಲೇ ಪೇಪರ್ ಅಕ್ಕ ನೆನಪಾಗುತ್ತಾರೆ, ಅವರ ಹಿಂದೆಯೇ ಲಗ್ಗೆರೆಯ ಆ ಗಲ್ಲಿಯ ಜನ ಸಾಲಾಗಿ ನೆನಪಾಗುತ್ತಾರೆ, ನನ್ನ ಹಬ್ಬ ಅಲ್ಲಿಗೆ ಮುಗಿಯುತ್ತದೆ.

ಅಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿದ್ದರು. ಕಾರ್ಖಾನೆ ಕುಂಟುವುದಕ್ಕೆ ಶುರುವಾದಾಗ ಸ್ವಯಂನಿವೃತ್ತಿ ತೆಗೆದುಕೊಂಡು ಬಾಗಲಗುಂಟೆಯ ಮನೆಯಲ್ಲಿ ಕುಳಿತರು. ಕೈಗೆ ಬಂದದ್ದರಲ್ಲಿ ನನಗೊಂದು ಕಂಪ್ಯೂಟರು, ಒಂದು ಪ್ರಿಂಟರು ಕೊಡಿಸಿ, ಲಗ್ಗೆರೆ ಮುಖ್ಯರಸ್ತೆಯಲ್ಲಿ ಡಿಟಿಪಿ ಅಂಗಡಿ ಹಾಕಿಸಿಕೊಟ್ಟರು. ಮದುವೆ ಕಾರ್ಡು, ತಿಥಿ ಕಾರ್ಡು, ಬಿಲ್ ಬುಕ್ಕು, ಬಾಡಿಗೆ ಕರಾರು ಇವೇ ನನ್ನ ಸಾಹಿತ್ಯ. ಇಂಥ ಅಂಗಡಿಗೆ ಒಂದು ಸಂಜೆ ಹೆಲ್ಮೆಟ್ ತೆಗೆಯದೆಯೇ ಒಬ್ಬ ಹೆಂಗಸು ನುಗ್ಗಿ, ಕೈಬರಹದ ಹಾಳೆಗಳ ಕಟ್ಟನ್ನು ಕೀಬೋರ್ಡಿನ ಮೇಲೆಯೇ ಇಟ್ಟರು. "ತಮ್ಮಾ, ನಾಲ್ಕು ಪುಟದ ಪೇಪರ್ ಮಾಡಬೇಕು. ಹದಿನೈದು ದಿನಕ್ಕೊಮ್ಮೆ. ಮಾಡ್ತೀಯೋ, ಮುಂದಿನ ಅಂಗಡಿಗೆ ಹೋಗ್ಲೋ?"

ಮುಂದಿನ ಅಂಗಡಿಯವನು ನನ್ನ ಶತ್ರು. ಹೂಂ ಅಂದುಬಿಟ್ಟೆ.

ಆಮೇಲೆ ಗೊತ್ತಾಯಿತು, ನಾಲ್ಕು ಪುಟದ ಪೇಪರಿನ ಜೊತೆಗೆ ನಲವತ್ತು ಪುಟದ ಮಾತನ್ನೂ ಒಪ್ಪಿಕೊಂಡಿದ್ದೇನೆ ಎಂದು. ನಾನು ಟೈಪು ಮಾಡುತ್ತಿದ್ದರೆ ಅಕ್ಕ ಪಕ್ಕದ ಸ್ಟೂಲಿನಲ್ಲಿ ಕುಳಿತು ಮಾತಾಡುತ್ತಲೇ ಇರುತ್ತಿದ್ದರು. ನನ್ನ ಟಿಫನ್ ಡಬ್ಬಿ ಕೇಳದೆ ತೆಗೆಯುತ್ತಿದ್ದರು. ಅಮ್ಮ ಮಾಡಿದ ಚಿತ್ರಾನ್ನ ತಿಂದು, "ಇದಕ್ಕ ಖಾರ ಅಂತೀರೇನು ನೀವು?" ಎಂದು ಬೆಂಗಳೂರಿನವರನ್ನೆಲ್ಲ ಒಟ್ಟಿಗೆ ಬೈಯುತ್ತಿದ್ದರು. ತಲೆಬರಹದ ಅಕ್ಷರ ಚಿಕ್ಕದಾಯಿತು ಎಂದು ಜಗಳ. ದೊಡ್ಡದು ಮಾಡಿದರೆ ಸುದ್ದಿಗೆ ಜಾಗವಿಲ್ಲ ಎಂದು ಇನ್ನೊಂದು ಜಗಳ. ತಮ್ಮ ಹೆಸರು ಮೊದಲ ಪುಟದಲ್ಲಿ, ಪೇಪರಿನ ಹೆಸರಿನ ಕೆಳಗೆ, ದಪ್ಪಕ್ಷರದಲ್ಲೇ ಬರಬೇಕು. ಅದರಲ್ಲಿ ರಾಜಿ ಇರಲಿಲ್ಲ. "ನಮ್ಮವ್ವ ಹೆಬ್ಬೆಟ್ಟು ಒತ್ತಿದಾಕಿ. ನನ್ನ ಹೆಸರು ಅಚ್ಚಾಗಿದ್ದು ನೋಡಿದ್ರ ಆಕಿಗೆ ಹೊಟ್ಟಿ ತುಂಬ್ತದ" ಎನ್ನುತ್ತಿದ್ದರು.

ಅವರ ಅಪ್ಪ ಅವ್ವ ರಾಯಚೂರಿನ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಪೀಣ್ಯದ ಎಷ್ಟೋ ಷೆಡ್ಡುಗಳ ಗೋಡೆ ಎಬ್ಬಿಸಿದವರು. ಅಕ್ಕ ಹುಟ್ಟಿದ್ದೇ ಅಂಥದೊಂದು ಷೆಡ್ಡಿನ ಪಕ್ಕದ ತಗಡಿನ ಗುಡಿಸಲಿನಲ್ಲಿ. ಲಗ್ಗೆರೆಯ ಶಾಲೆಯಲ್ಲಿ ಓದುವಾಗ ಇವರ ಮಾತು ಕೇಳಿ ಮಕ್ಕಳು ನಗುತ್ತಿದ್ದರಂತೆ. ಊರಿಗೆ ಹೋದರೆ ಅಲ್ಲಿಯವರು, ಬೆಂಗಳೂರಿನ ಮಾತು ಬಂದುಬಿಟ್ಟಿದೆ ನಿನಗೆ ಎಂದು ನಗುತ್ತಿದ್ದರಂತೆ. ಎರಡೂ ಕಡೆ ನಗಿಸಿಕೊಂಡು ಬೆಳೆದವರು. ಪತ್ರಿಕೋದ್ಯಮ ಓದಿ ಒಂದು ದೊಡ್ಡ ದಿನಪತ್ರಿಕೆಗೆ ಸೇರಿದರು. ಅಲ್ಲಿ ಗಾರ್ಮೆಂಟ್ಸ್ ಹೆಂಗಸರ ಬಗ್ಗೆ ತಿಂಗಳುಗಟ್ಟಲೆ ತಿರುಗಿ ಬರೆದ ವರದಿ ಕೊನೆಗೆ ಒಳಪುಟದಲ್ಲಿ ಎರಡು ಸಾಲಾಗಿ ಬಂತು. ಪಕ್ಕದಲ್ಲಿ ಫ್ಲಾಟ್ ಮಾರಾಟದ ಜಾಹೀರಾತು ಮುಕ್ಕಾಲು ಪುಟ. ಆ ಪುಟವನ್ನು ಸಂಪಾದಕರ ಮೇಜಿನ ಮೇಲೆ ಹರಡಿ, ನನ್ನ ಸುದ್ದಿ ಎಲ್ಲಿದೆ ಹುಡುಕಿಕೊಡಿ ಎಂದರಂತೆ. ಅವರು ಹುಡುಕುವಷ್ಟರಲ್ಲಿ ಇವರು ಮೆಟ್ಟಿಲಿಳಿದು ಬಂದಾಗಿತ್ತು. ಈ ಕಥೆಯನ್ನು ನನಗೆ ಎಷ್ಟು ಸಲ ಹೇಳಿದ್ದಾರೋ... ಪ್ರತಿ ಸಲವೂ ಸಂಪಾದಕರ ಮೇಜು ಇನ್ನಷ್ಟು ದೊಡ್ಡದಾಗುತ್ತಿತ್ತು.

ಪೇಪರ್ ಅಕ್ಕ ಅಂತ ಹೆಸರು ಬಂದದ್ದು ಜನರಿಂದ. ಬರೆಯುವುದು ಅರ್ಧ ಕೆಲಸ, ಉಳಿದರ್ಧ ಓಡಾಟ. ಪಿಎಫ್ ಬರಲಿಲ್ಲ ಎಂದು ಬಂದವರನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಆಫೀಸಿಗೆ ಹೋಗುತ್ತಿದ್ದರು. ಮಗುವಿಗೆ ಶಾಲೆ ಸೇರಿಸಬೇಕು, ಆಧಾರ್ ವಿಳಾಸ ಊರಿನದು, ಏನು ಮಾಡಲಿ ಅಕ್ಕ ಎಂದರೆ ಹೆಡ್‌ಮಾಸ್ತರ ಮುಂದೆ ಹೋಗಿ ಕೂರುತ್ತಿದ್ದರು. ಕೈ ಮೆಷಿನ್ನಿಗೆ ಸಿಕ್ಕವನ ಹೆಂಡತಿಯ ಜೊತೆ ಆಸ್ಪತ್ರೆಯ ಬೆಂಚಿನ ಮೇಲೆ ಕಾಯುತ್ತಿದ್ದರು. ಗಲ್ಲಿಯ ಅರ್ಧ ಜನ ಇವರನ್ನು ಲಾಯರ್ ಎಂದುಕೊಂಡಿದ್ದರು, ಇನ್ನರ್ಧ ನರ್ಸ್ ಎಂದುಕೊಂಡಿದ್ದರು. ಪೇಪರ್ ಓದುತ್ತಿದ್ದವರು ಎಷ್ಟು ಮಂದಿಯೋ ನನಗೆ ಅನುಮಾನ. ಆದರೆ ಕೇಳುತ್ತಿದ್ದರು. ಹೌದು, ಅದೇ ಅಕ್ಕನ ವಿಚಿತ್ರ ಪದ್ಧತಿ.

ಯಾರ ಬಗ್ಗೆ ಬರೆದಿದ್ದಾರೋ ಅವರಿಗೆ ಓದಿ ಕೇಳಿಸದೆ ಅಕ್ಕ ಒಂದು ಸುದ್ದಿಯನ್ನೂ ಅಚ್ಚಿಗೆ ಕಳಿಸುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ, ಕಾರ್ಖಾನೆಗಳಿಗೆ ರಜೆಯಿದ್ದಾಗ, ನಾನು ತೆಗೆದುಕೊಟ್ಟ ಪ್ರೂಫ್ ಹಾಳೆ ಹಿಡಿದು ಗಲ್ಲಿಯ ನೀರಿನ ಟ್ಯಾಂಕಿನ ಕೆಳಗಿನ ಕಟ್ಟೆಯ ಮೇಲೆ ಕೂರುತ್ತಿದ್ದರು. ತಲೆಗೆ ಎಣ್ಣೆ ಹಚ್ಚಿಕೊಂಡವರು, ಸೊಪ್ಪು ಬಿಡಿಸುವವರು, ಗಡ್ಡಕ್ಕೆ ಸೋಪು ಹಚ್ಚಿಕೊಂಡೇ ಬಂದವರು ಸುತ್ತ ಸೇರುತ್ತಿದ್ದರು. ಅಕ್ಕ ಗಟ್ಟಿಯಾಗಿ ಓದಿ, ಕೊನೆಗೆ ಒಂದೇ ಮಾತು ಕೇಳುತ್ತಿದ್ದರು: "ತಪ್ಪಿದ್ರ ಹೇಳ್ರಿ."

ಜನ ಹೇಳುತ್ತಿದ್ದರು! ಅಲ್ಲ ಅಕ್ಕ, ನಾನು ಬಿದ್ದಿದ್ದು ಸೋಮವಾರ. ಅಲ್ಲ ಅಕ್ಕ, ಸೂಪರ್‌ವೈಸರ್ ಕೆಟ್ಟ ಮಾತು ಬೈದ, ನೀವು ಬರೀ ಗದರಿದ ಅಂತ ಬರೆದಿದ್ದೀರ. ಅಕ್ಕ ಕಿವಿಯ ಮೇಲಿಂದ ಪೆನ್ನು ತೆಗೆದು ಅಲ್ಲೇ ತಿದ್ದುತ್ತಿದ್ದರು. ಯಾವ ಸಂಪಾದಕ ಹೀಗೆ ಬೀದಿಯಲ್ಲಿ ಕುಳಿತು ಓದುತ್ತಾನೆ ಎಂದು ನಾನು ಛೇಡಿಸಿದರೆ, "ಅವರ ಬಾಯಾಗಿಂದ ಬಂದ ಮಾತು ಮೊದಲ ಅವರ ಕಿವಿಗೆ ಹೋಗ್ಬೇಕು ತಮ್ಮಾ. ಆಮ್ಯಾಲ ಊರಿಗೆ" ಅಂದಿದ್ದರು. ಆಗ ನನಗೆ ಅದು ಚಂದ ಕಂಡಿತ್ತು. ಈಗ ಆ ಕಟ್ಟೆ ನೋಡಿದರೆ ಮೈ ಉರಿಯುತ್ತದೆ.

ಪೇಪರು ವರ್ಷವಿಡೀ ತೆವಳಿಕೊಂಡು ನಡೆದು, ಉಸಿರು ಎಳೆದುಕೊಳ್ಳುತ್ತಿದ್ದದ್ದು ಆಯುಧಪೂಜೆಯ ವಿಶೇಷಾಂಕದಲ್ಲಿ. ಪೀಣ್ಯದಲ್ಲಿ ಅದೊಂದು ರೂಢಿ. ಲೇತ್ ಇಟ್ಟವನು, ಪೌಡರ್ ಕೋಟಿಂಗ್‌ನವನು, ಸ್ಪ್ರಿಂಗ್ ಮಾಡುವವನು ಎಲ್ಲರೂ ಹಬ್ಬಕ್ಕೆ ಶುಭಾಶಯದ ಜಾಹೀರಾತು ಕೊಡುತ್ತಾರೆ. ಕೈಮುಗಿದ ಮಾಲೀಕರ ಫೋಟೋ, ಪಕ್ಕದಲ್ಲಿ ಸಿಂಹದ ಮೇಲೆ ಕುಳಿತ ದೇವಿ, ಕೆಳಗೆ "ಗ್ರಾಹಕರಿಗೂ ಹಿತೈಷಿಗಳಿಗೂ". ನನ್ನ ಕಂಪ್ಯೂಟರಿನಲ್ಲಿ ಕೈಮುಗಿದವರದೇ ಒಂದು ಫೋಲ್ಡರಿತ್ತು. ಅಕ್ಕ ಆ ಮುಖಗಳನ್ನು ನೋಡಿ ನಗುತ್ತಿದ್ದರು. ಆದರೆ ಆ ಜಾಹೀರಾತುಗಳಿಲ್ಲದೆ ಮುಂದಿನ ವರ್ಷದ ಪೇಪರಿಲ್ಲ ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆ ವರ್ಷ ಹಬ್ಬಕ್ಕೆ ಇನ್ನೂ ಕೆಲವು ವಾರವಿರುವಾಗ ಗಲ್ಲಿಯ ಬೋರ್‌ವೆಲ್ ನೀರು ಹಳದಿಯಾಯಿತು. ಬಕೆಟ್ಟಿನ ಅಂಚಿಗೆ ಕರೆ, ಅನ್ನಕ್ಕೆ ಒಂಥರಾ ಕಬ್ಬಿಣದ ರುಚಿ, ಮಕ್ಕಳ ಕೈಕಾಲಿನಲ್ಲಿ ಕಡಿತ. ಹೆಂಗಸರು ಬಾಟಲಿಗಳಲ್ಲಿ ನೀರು ತುಂಬಿಕೊಂಡು ನನ್ನ ಅಂಗಡಿಗೇ ಬಂದರು, ಅಕ್ಕನನ್ನು ಹುಡುಕಿಕೊಂಡು. ಅಕ್ಕ ಲ್ಯಾಬಿಗೆ ಕೊಟ್ಟರು. ಕೆಟ್ಟದ್ದೆಂದು ಗೊತ್ತಾಯಿತು. ಎಲ್ಲಿಂದ ಬರುತ್ತಿದೆ ಎನ್ನುವುದು ಮಾತ್ರ ಗೊತ್ತಾಗಲಿಲ್ಲ. ಗಲ್ಲಿಯ ಮೇಲ್ಗಡೆ ಒಂದು ಪ್ಲೇಟಿಂಗ್ ಕಾರ್ಖಾನೆಯಿತ್ತು. ನಟ್ಟು ಬೋಲ್ಟುಗಳಿಗೆ ಹೊಳಪಿನ ಲೇಪ ಕೊಡುವ ಜಾಗ. ಎಲ್ಲರ ಕಣ್ಣು ಅದರ ಮೇಲೆಯೇ ಇದ್ದರೂ ಎಲ್ಲರ ಮನೆಯಲ್ಲೂ ಒಬ್ಬರಾದರೂ ಅಲ್ಲಿ ಕೆಲಸಕ್ಕಿದ್ದರು. ಹಾಗಾಗಿ ಎಲ್ಲರ ಬಾಯಿಯೂ ಮುಚ್ಚಿತ್ತು.

ಬಾಯಿ ಬಿಟ್ಟವರು ಅಲ್ಲಿನ ಮೇಸ್ತ್ರಿ. ತುಮಕೂರಿನ ಕಡೆಯ ಮನುಷ್ಯ, ಅದೇ ಗಲ್ಲಿಯ ವಾಸ, ಹಿರಿಯರು. ಒಂದು ಮಧ್ಯಾಹ್ನ ಅಕ್ಕ ನನ್ನ ಅಂಗಡಿಯಲ್ಲಿರುವುದನ್ನು ನೋಡಿ ಒಳಗೆ ಬಂದು, ಷಟರ್ ಅರ್ಧ ಎಳೆಯಪ್ಪ ಎಂದರು. ಮೊಮ್ಮಗಳ ಎರಡೂ ಅಂಗೈ ಒಡೆದು ರಕ್ತ ಬರುತ್ತಿದೆ, ನೋಡುವುದಕ್ಕಾಗುತ್ತಿಲ್ಲ ಎಂದು ಕಣ್ಣು ಒರೆಸಿಕೊಂಡರು. ಪ್ಲೇಟಿಂಗ್ ತೊಳೆದ ನೀರನ್ನು ಬತ್ತಿಹೋದ ಹಳೇ ಬೋರ್‌ವೆಲ್ಲಿಗೆ ಬಿಡುತ್ತಿದ್ದಾರೆ ಎಂದರು. "ನನ್ ಎಸ್ರು ಬರಬಾರ್ದು ಕಣಕ್ಕ. ಬಂದ್ರೆ ನನ್ ಕೆಲ್ಸ ಓಯ್ತು, ಮಗಂದೂ ಓಯ್ತು."

"ನಿಮ್ಮ ಹೆಸರು ನನ್ನ ಬಾಯಾಗಿಂದ ಬರೂದಿಲ್ಲ. ಮಾತು ಕೊಟ್ಟೀನಿ" ಎಂದರು ಅಕ್ಕ.

ಆ ಮಾತನ್ನು ಎಷ್ಟು ಎಚ್ಚರದಿಂದ ಉಳಿಸಿಕೊಂಡರೆಂದರೆ, ಹಳೇ ಬೋರ್‌ವೆಲ್ಲು ಎಲ್ಲಿದೆ ಎನ್ನುವುದನ್ನೂ ಬರೆಯಲಿಲ್ಲ. "ಕಾಂಪೌಂಡಿನೊಳಗೆ, ಷೆಡ್ಡಿನ ಹಿಂಭಾಗದಲ್ಲಿ ಎಲ್ಲೋ" ಎಂದಷ್ಟೇ ಬರೆದರು. ಇದೇನಕ್ಕ ಎಲ್ಲೋ ಅಂತ, ಸಪ್ಪೆಯಾಯಿತು ಎಂದೆ. ಸರಿಯಾದ ಜಾಗ ಬರೆದರೆ ಒಳಗಿನವರೇ ಹೇಳಿದ್ದು ಅಂತ ಮಾಲೀಕನಿಗೆ ಗೊತ್ತಾಗುತ್ತದೆ, ಜಾಗವನ್ನು ಅಧಿಕಾರಿಗಳಿಗೆ ಬೇರೆಯಾಗಿ ಹೇಳುತ್ತೇನೆ, ನೀನು ಹೀಗೇ ಬಿಡು ಎಂದರು. ಬೇಕೆಂದೇ ಸಪ್ಪೆ ಮಾಡಿದ ಸಾಲು ಅದು.

ಭಾನುವಾರ ಬಂತು. ಪ್ರೂಫ್ ಹಾಳೆ ಹಿಡಿದು ನಾನೂ ಹೋಗಿದ್ದೆ. ಟ್ಯಾಂಕಿನ ಕೆಳಗೆ ಅಷ್ಟು ಜನ ನಾನು ಹಿಂದೆಂದೂ ನೋಡಿರಲಿಲ್ಲ. ಮೇಸ್ತ್ರಿಯೂ ಬಂದಿದ್ದರು, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು. ಬರದಿದ್ದರೆ ಅನುಮಾನ ಬರುತ್ತದೆಂದು ಬಂದಿರಬೇಕು. ಅಕ್ಕ ಓದಿದರು. ನೀರಿನ ಬಣ್ಣ, ಲ್ಯಾಬಿನವರು ಹೇಳಿದ್ದು, ಮಕ್ಕಳ ಕೈ... ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಕೇಳುತ್ತಿದ್ದರು. ಕೊನೆಗೆ ಆ ಸಪ್ಪೆ ಸಾಲು ಬಂತು. ಷೆಡ್ಡಿನ ಹಿಂಭಾಗದಲ್ಲಿ ಎಲ್ಲೋ. ಅಕ್ಕ ತಲೆಯೆತ್ತಿ ಎಂದಿನ ಹಾಗೆ, "ತಪ್ಪಿದ್ರ ಹೇಳ್ರಿ" ಎಂದರು.

"ಅಂಗಲ್ಲ ಕಣಕ್ಕ" ಎಂದರು ಮೇಸ್ತ್ರಿ. "ಷೆಡ್ ಇಂದ್ಗಡೆ ಅಲ್ಲ, ಕ್ಯಾಂಟೀನ್ ಪಕ್ಕ. ಪೈಪ್ ಜೋಡ್ಸಿದ್ದು ನಾನೇ ಅಲ್ವಾ."

ಮೇಸ್ತ್ರಿಗೇ ತಾನೇನು ಅಂದೆ ಎನ್ನುವುದು ತಡವಾಗಿ ಗೊತ್ತಾಯಿತು. ಎಷ್ಟೋ ಭಾನುವಾರ ಆ ಕಟ್ಟೆಯ ಮೇಲೆ ಕುಳಿತು ಬೇರೆಯವರ ತಪ್ಪು ತಿದ್ದುವುದನ್ನು ಕೇಳಿದ್ದ ಮನುಷ್ಯ. ತಾನು ಮಾಡಿದ ಕೆಲಸದ ಬಗ್ಗೆ ತಪ್ಪು ಓದಿದರೆ ಸುಮ್ಮನೆ ಕೂರುವುದಕ್ಕೆ ಅವರಿಂದಾಗಲಿಲ್ಲ, ಅಷ್ಟೇ. ಅಕ್ಕ ಹಾಳೆ ಮಡಿಸಿ, ಕೆಮ್ಮಿ, "ಹಾಲು ಉಕ್ಕೀತು, ಹೋಗ್ರಿ ಎಲ್ಲಾರೂ" ಎಂದು ಏನೋ ತಮಾಷೆ ಮಾಡಿ ಜನರನ್ನು ಎಬ್ಬಿಸಿದರು.

ಮಾರನೆಯ ದಿನ ಕಾರ್ಖಾನೆಯ ಬಾಗಿಲು ತೆರೆಯುವ ಹೊತ್ತಿಗೆ ಮಾಲೀಕನಿಗೆ ಸುದ್ದಿ ತಲುಪಿತ್ತು. ಯಾರು ತಲುಪಿಸಿದರೋ, ಕಟ್ಟೆಯ ಮೇಲಿದ್ದವರಲ್ಲೇ ಯಾರೋ. ಅದೇ ನೀರು ಕುಡಿಯುವ ಯಾರೋ.

ಆ ವಾರವೇ ಅದೇ ಟ್ಯಾಂಕಿನ ಕೆಳಗೆ ಕಾರ್ಖಾನೆಯ ಮ್ಯಾನೇಜರ್ ಜನರನ್ನು ಸೇರಿಸಿದ, ಅಕ್ಕನನ್ನೂ ನನ್ನನ್ನೂ ಕರೆಸಿದ. ಮೇಸ್ತ್ರಿಯನ್ನು ಮುಂದೆ ನಿಲ್ಲಿಸಿದ. ಮೇಸ್ತ್ರಿ ನೆಲ ನೋಡಿಕೊಂಡು ಹೇಳಿದರು. ತಾನು ಯಾರಿಗೂ ಏನೂ ಹೇಳಿಲ್ಲವಂತೆ. ಆ ಯಮ್ಮ ಹಬ್ಬಕ್ಕೆ ಪುಟ ತುಂಬಾ ಜಾಹೀರಾತು ಕೇಳಿ ಬಂದಿದ್ದರಂತೆ, ಮಾಲೀಕರು ಇಲ್ಲವೆಂದಿದ್ದಕ್ಕೆ ಹೀಗೆ ಕಟ್ಟಿ ಬರೆದಿದ್ದಾರಂತೆ. "ರೋಲ್‌ಕಾಲ್ ಮಾಡೋಕ್ ಬಂದಿದ್ರು" ಎಂದರು. ರೋಲ್‌ಕಾಲ್ ಅಂದರೆ ಹೆದರಿಸಿ ಬರೆದು ದುಡ್ಡು ಕೀಳುವ ದಂಧೆ. ಪತ್ರಕರ್ತರಿಗೆ ಅದಕ್ಕಿಂತ ಹೊಲಸು ಬೈಗುಳ ಇಲ್ಲ. ಕ್ಯಾಂಟೀನ್ ಪಕ್ಕ ಎಂದು ಅವರ ಬಾಯಿಂದಲೇ ಕೇಳಿದವರೆಲ್ಲ ಅಲ್ಲೇ ಇದ್ದರು. ಎಣ್ಣೆ ಹಚ್ಚಿಕೊಂಡವರು, ಸೊಪ್ಪು ಬಿಡಿಸಿದವರು, ಬಾಟಲಿ ತಂದವರು. ಒಬ್ಬರೂ ತುಟಿ ಎರಡು ಮಾಡಲಿಲ್ಲ. ನಾನು ಎದ್ದು, ಅಂದು ನೀವೇ ಅಂದಿರಲ್ಲ ಮೇಸ್ತ್ರಿ ಎಂದೆ. ನೀನು ಅವಳ ಪೇಪರ್ ಮಾಡೋನು, ನಿನಗೆ ವ್ಯಾಪಾರ ಎಂದು ಹಿಂದಿನಿಂದ ಯಾರೋ ಕೂಗಿದರು. ಜನ ನಕ್ಕರು.

ಅಕ್ಕ ಹೆಲ್ಮೆಟ್ ಹಾಕಿಕೊಂಡು ಗಾಡಿ ಒದ್ದು ಹೊರಟರು.

ಸಂಜೆ ಅಂಗಡಿಗೆ ಬಂದಾಗ ನಾನು ಕುದಿಯುತ್ತಿದ್ದೆ. ಒಂದೇ ಸಾಲು ಸೇರಿಸೋಣ ಅಕ್ಕ ಎಂದೆ. ಈ ವಿಷಯವನ್ನು ನಮಗೆ ತಿಳಿಸಿದವರು ಅದೇ ಕಾರ್ಖಾನೆಯ ಮೇಸ್ತ್ರಿ, ಪೈಪು ಜೋಡಿಸಿದ್ದೂ ಅವರೇ, ಅಷ್ಟೇ ಬರೆಯೋಣ. ನಾನು ಸಾಕ್ಷಿ ಇದ್ದೇನೆ. ಎಲ್ಲರ ಬಾಯಿ ಮುಚ್ಚುತ್ತದೆ. ನಿಮ್ಮ ಹೆಸರು ಉಳಿಯುತ್ತದೆ.

"ಬ್ಯಾಡ."

ಅಕ್ಕ, ಅವರೇ ನಿಮ್ಮನ್ನು ಬೀದಿಯಲ್ಲಿ ನಿಲ್ಲಿಸಿದ್ದಾರೆ ಎಂದೆ.

"ಮಾತು ಕೊಟ್ಟಾಕಿ ನಾನು. ಅವರು ಏನ್ ಅಂದ್ರು ಅಂತ ನಾನು ಕೊಟ್ಟ ಮಾತು ಬದಲಾಗ್ತದೇನು? ಹೆಸರು ಹಾಕಿದ್ರ ನಾಳೆನ ಅಪ್ಪ ಮಗ ಇಬ್ರೂ ಮನೀಗೆ. ಆ ಹುಡುಗಿ ಕೈಗೆ ಔಷಧ ಯಾರು ತರ್ತಾರ? ನೀನು?" ಎಂದು ನನ್ನ ಮೇಲೆಯೇ ರೇಗಿದರು. ತಮ್ಮ ಹೆಸರಿಗಾಗಿ ಅಕ್ಷರದ ಗಾತ್ರದ ಮೇಲೆ ನನ್ನ ಜೊತೆ ಜಗಳವಾಡುತ್ತಿದ್ದ ಹೆಂಗಸು, ಅದೇ ಹೆಸರು ಮಣ್ಣುಪಾಲಾಗುವುದನ್ನು ನೋಡುತ್ತಾ ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು.

ಫೋನುಗಳು ಬರತೊಡಗಿದವು. ಲೇತಿನವರು, ಸ್ಪ್ರಿಂಗಿನವರು, ಕೋಟಿಂಗಿನವರು. ಈ ಸಲ ಬೇಡ ಮೇಡಂ, ಮುಂದಿನ ವರ್ಷ ನೋಡೋಣ ಮೇಡಂ. ಅವರಲ್ಲಿ ಕೆಲವರಂತೂ, ನೀವು ಬರೆದದ್ದು ನಿಜ ಮೇಡಂ, ಆದರೂ ಬೇಡ ಎಂದರು. ನಾನು ಕೈಮುಗಿದವರನ್ನು ಒಬ್ಬೊಬ್ಬರನ್ನಾಗಿ ಪುಟದಿಂದ ಅಳಿಸಿದೆ. ದೇವಿಯೊಬ್ಬಳು ಉಳಿದಳು. ಅವಳನ್ನೂ ತೆಗೆ ಎಂದರು ಅಕ್ಕ. ವಿಶೇಷಾಂಕ ಎರಡೇ ಪುಟದ್ದಾಯಿತು. ನೀರಿನ ವರದಿ ಪೂರ್ತಿ ಇತ್ತು, "ಎಲ್ಲೋ" ಎನ್ನುವ ಆ ಸಾಲು ಹಾಗೆಯೇ ಇತ್ತು. ಮೇಸ್ತ್ರಿಯ ಹೆಸರಿರಲಿಲ್ಲ.

ಹಬ್ಬದ ಬೆಳಿಗ್ಗೆ ಅಕ್ಕ ಪೇಪರಿನ ಕಟ್ಟುಗಳನ್ನು ಟೀ ಅಂಗಡಿಗಳಲ್ಲಿಟ್ಟು ಬಂದರು. ರಸ್ತೆ ತುಂಬ ಕುಂಬಳಕಾಯಿ, ಕುಂಕುಮ. ಮಧ್ಯಾಹ್ನ ನನ್ನ ಅಂಗಡಿಗೆ ಬಂದಾಗ ಕೈಯಲ್ಲಿ ಕಡ್ಲೆಪುರಿಯ ಪೊಟ್ಟಣವಿತ್ತು. ಪ್ಲೇಟಿಂಗ್ ಕಾರ್ಖಾನೆಯ ಗೇಟಿನ ಮುಂದೆ ಹೋಗುತ್ತಿದ್ದಾಗ ಪೂಜೆ ಮುಗಿದು ಪ್ರಸಾದ ಹಂಚುತ್ತಿದ್ದರಂತೆ. ಹಂಚುತ್ತಿದ್ದವರು ಮೇಸ್ತ್ರಿ. ಎಲ್ಲರಿಗೂ ಕೊಟ್ಟ ಹಾಗೆ ಅಕ್ಕನ ಕೈಗೂ ಒಂದು ಪೊಟ್ಟಣ ಇಟ್ಟರಂತೆ, ಮುಖ ನೋಡದೆ. ಅಕ್ಕ ನನ್ನ ಮೇಜಿನ ಮೇಲೆ ಆ ಪೊಟ್ಟಣ ಬಿಚ್ಚಿದರು. ಪುರಿ, ಬೂಂದಿ, ಎರಡು ಚೂರು ಕೊಬ್ಬರಿ. ಕಾಗದ ನಮ್ಮದೇ ಪೇಪರು! ಟೀ ಅಂಗಡಿಯಲ್ಲಿಟ್ಟ ಕಟ್ಟನ್ನೇ ಎತ್ತಿಕೊಂಡು ಹೋಗಿ ಪೊಟ್ಟಣ ಕಟ್ಟಿದ್ದರು. ಹಳದಿ ನೀರಿನ ಸುದ್ದಿಯ ಮೇಲೆ ಬೂಂದಿಯ ಎಣ್ಣೆ ಹರಡಿತ್ತು.

"ಪುರಿ ಗರಿಗರಿ ಅದ, ತಗೋ" ಎಂದರು ಅಕ್ಕ. ನಾನು ಮುಟ್ಟಲಿಲ್ಲ. ಅವರು ಒಂದೊಂದಾಗಿ ತಿಂದು ಮುಗಿಸಿದರು.

ನೀರು ಸರಿಹೋಯಿತು. ಅದನ್ನೂ ಹೇಳಿಬಿಡುತ್ತೇನೆ. ಅಕ್ಕ ಕೊಟ್ಟ ದೂರಿನ ಮೇಲೆ ಅಧಿಕಾರಿಗಳು ಬಂದು ಹಳೇ ಬೋರ್‌ವೆಲ್ಲಿಗೆ ಕಾಂಕ್ರೀಟ್ ತುಂಬಿಸಿದರು, ಕ್ಯಾಂಟೀನ್ ಪಕ್ಕವೇ. ಗಲ್ಲಿಗೆ ಟ್ಯಾಂಕರ್ ಬಂತು, ಆಮೇಲೆ ಕೊಳಾಯಿ ನೀರೂ ಬಂತು. ಅದನ್ನು ತಂದವರು ಯಾರೆಂದು ಊರ ತುಂಬ ಫ್ಲೆಕ್ಸ್ ಹಾಕಿದರು. ಆ ಫ್ಲೆಕ್ಸಿನಲ್ಲಿದ್ದ ಹದಿನೆಂಟು ಮುಖಗಳಲ್ಲಿ ಅಕ್ಕನದಿರಲಿಲ್ಲ. ಗಲ್ಲಿಯಲ್ಲಿ ಅವರ ಹೆಸರು ಮಾತ್ರ ರೋಲ್‌ಕಾಲ್ ಅಕ್ಕ ಎಂದೇ ಉಳಿಯಿತು. ನಾಚಿಕೆ ಅನ್ನುವುದು ಇಲ್ಲದ ಜನ, ಬೆಳಗ್ಗೆ ಎದುರಾದರೆ ಮುಖ ತಿರುಗಿಸುತ್ತಿದ್ದವರು ಸಂಜೆ ನನ್ನ ಅಂಗಡಿಯ ಹಿಂದಿನ ಬಾಗಿಲಿಗೆ ಬಂದು, ಅಕ್ಕ ಇದ್ದಾರಾ, ಒಂದು ಅರ್ಜಿ ಬರೆಸಬೇಕಿತ್ತು ಎನ್ನುತ್ತಿದ್ದರು. ಅಕ್ಕ ಬರೆದುಕೊಡುತ್ತಿದ್ದರು. ನನಗೆ ಆ ಜನರ ಮೇಲಿದ್ದಷ್ಟೇ ಸಿಟ್ಟು ಆಗ ಅಕ್ಕನ ಮೇಲೂ ಬರುತ್ತಿತ್ತು.

ಪೇಪರು ಇನ್ನಷ್ಟು ದಿನ ಎಳೆದಾಡಿ ನಿಂತಿತು. ಅಕ್ಕ ಆನೇಕಲ್ ಕಡೆ ತಮ್ಮನ ಮನೆಗೆ ಹೋದರು. ಅಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳ ಹುಡುಗಿಯರು ಇರುವ ಹಾಸ್ಟೆಲುಗಳ ಮುಂದೆ ಮತ್ತೆ ಅದೇ ಕೆಲಸ, ಪೇಪರಿಲ್ಲದೆ. ಒಡಿಶಾದ, ಜಾರ್ಖಂಡಿನ ಹುಡುಗಿಯರಿಗೆ ಅರೆಬರೆ ಹಿಂದಿಯಲ್ಲಿ ಬೈಯುತ್ತಾ ಅರ್ಜಿ ಬರೆದುಕೊಡುತ್ತೇನೆ ಎಂದು ಫೋನಿನಲ್ಲಿ ನಗುತ್ತಿದ್ದರು. ಕೊನೆಯ ಸಲ ಮಾತಾಡಿದಾಗ, ಲೋಕದ ವಿಷಯವೆಲ್ಲ ಮುಗಿದ ಮೇಲೆ, "ಮೇಸ್ತ್ರಿ ಮೊಮ್ಮಗಳ ಕೈ ವಾಸಿ ಆತೇನು?" ಎಂದು ಕೇಳಿದರು. ವಾಸಿಯಾಗಿದೆ, ಕಾಲೇಜಿಗೆ ಹೋಗುತ್ತಿದ್ದಾಳೆ ಎಂದೆ. "ಛಲೋ ಆತು" ಎಂದರು. ಅವರಿಗೆ ನಿಜಕ್ಕೂ ಸಂತೋಷವಾಗಿತ್ತು. ಧ್ವನಿಯಲ್ಲಿ ಗೊತ್ತಾಗುತ್ತಿತ್ತು...

ಈ ವರ್ಷ ಮಳೆಗಾಲದ ಕೊನೆಯಲ್ಲಿ ಹೋಗಿಬಿಟ್ಟರು. ಹೃದಯಾಘಾತ, ಬಸ್ ಸ್ಟಾಪಿನಲ್ಲಿ. ನಾನು ಆನೇಕಲ್ಲಿಗೆ ಹೋದಾಗ ಮನೆಯ ಮುಂದೆ ಹಾಸ್ಟೆಲಿನ ಹುಡುಗಿಯರು ಗುಂಪಾಗಿ ಅಳುತ್ತಿದ್ದರು, ನನಗೆ ಬಾರದ ಭಾಷೆಗಳಲ್ಲಿ. ಲಗ್ಗೆರೆಯಿಂದ ಬಂದವನು ನಾನೊಬ್ಬನೇ.

ಹಬ್ಬಕ್ಕೆ ವಾರವಿರುವಾಗ ನನ್ನ ಅಂಗಡಿಗೆ ಮೇಸ್ತ್ರಿ ಬಂದರು. ಈಗ ನನ್ನಲ್ಲಿ ಫ್ಲೆಕ್ಸ್ ಮೆಷಿನ್ನಿದೆ, ಮೇಸ್ತ್ರಿ ಗಲ್ಲಿಯ ಕ್ಷೇಮಾಭಿವೃದ್ಧಿ ಸಂಘದ ಅಧ್ಯಕ್ಷರಾಗಿದ್ದಾರೆ. ಕೂದಲು ಪೂರ್ತಿ ಬೆಳ್ಳಗಾಗಿದೆ. ಅಕ್ಕನಿಗೆ ಶ್ರದ್ಧಾಂಜಲಿಯ ಫ್ಲೆಕ್ಸ್ ಆಗಬೇಕು, ಸಂಘದ ವತಿಯಿಂದ ಎಂದರು. ಯಾರೋ ಬರೆದುಕೊಟ್ಟ ಮ್ಯಾಟರು ಅವರ ಫೋನಿನಲ್ಲಿತ್ತು. ಅಕ್ಕನ ಫೋಟೋ ಯಾರ ಹತ್ತಿರವೂ ಇಲ್ಲ, ನಿನ್ನ ಹತ್ತಿರ ಇರಬಹುದೇನೋ ಎಂದು ಬಂದೆ ಎಂದರು. ಇತ್ತು. ಹಿಂದೊಮ್ಮೆ ಪ್ರೆಸ್ ಕಾರ್ಡಿಗೆಂದು ನಾನೇ ತೆಗೆದದ್ದು. ಹೆಲ್ಮೆಟ್ಟಿನಿಂದ ಕೂದಲೆಲ್ಲ ತಲೆಗೆ ಅಂಟಿಕೊಂಡಿದೆ, ಬಾಯಿ ಅರ್ಧ ತೆರೆದಿದೆ, ಏನೋ ಹೇಳುತ್ತಿದ್ದರು.

ಕೆಲಸ ಒಪ್ಪಿಕೊಂಡೆ. ನನ್ನ ಹೊಟ್ಟೆಪಾಡು ಅದೇ. ಅಕ್ಕನ ಫೋಟೋ ಮೇಲೆ, ಕೆಳಗೆ ಅಧ್ಯಕ್ಷರಿಂದ ಖಜಾಂಚಿಯವರೆಗೆ ಸಾಲಾಗಿ ಕೈಮುಗಿದವರು. ಮತ್ತೆ ನನ್ನ ಕಂಪ್ಯೂಟರಿನಲ್ಲಿ ಕೈಮುಗಿದವರು! ಎಲ್ಲ ಜೋಡಿಸಿದ ಮೇಲೆ ಮೇಸ್ತ್ರಿ ಎದ್ದು ಹೊರಟರು.

"ಕೂತ್ಕೊಳ್ಳಿ ಮೇಸ್ತ್ರಿ" ಎಂದೆ. "ಅಕ್ಕನ ಸುದ್ದಿ. ಓದದೆ ಪ್ರಿಂಟಿಗೆ ಹಾಕಲ್ಲ."

ಅವರು ಅದೇ ಸ್ಟೂಲಿನ ಮೇಲೆ ಕುಳಿತರು. ನಾನು ಪರದೆ ನೋಡಿಕೊಂಡು ಗಟ್ಟಿಯಾಗಿ ಓದಿದೆ. ನಮ್ಮ ಬಡಾವಣೆಯ ಹೆಮ್ಮೆಯ ಪುತ್ರಿ. ನಿರ್ಭೀತ ಲೇಖನಿಯಿಂದ ನಮಗೆ ಶುದ್ಧ ನೀರು ದೊರಕಿಸಿಕೊಟ್ಟ ಧೀಮಂತ ಪತ್ರಕರ್ತೆ. ಅವರ ಹೋರಾಟದಲ್ಲಿ ಹೆಗಲಿಗೆ ಹೆಗಲು ಕೊಟ್ಟು ಕೊನೆಯವರೆಗೂ ಜೊತೆ ನಿಂತ ನಿಮ್ಮ ಗಲ್ಲಿಯ ಬಂಧುಗಳು.

ಓದಿ ಮುಗಿಸಿ ಅವರ ಕಡೆ ತಿರುಗಿದೆ. ಅಕ್ಕನ ಹಾಗೆ ಕೇಳುವುದಕ್ಕೆ ನನಗೆ ಬರುವುದಿಲ್ಲ. ಆದರೂ ಕೇಳಿದೆ.

"ತಪ್ಪಿದ್ರೆ ಹೇಳಿ, ಮೇಸ್ತ್ರಿ."

ಮೇಸ್ತ್ರಿ ಪರದೆಯ ಮೇಲಿನ ಫೋಟೋ ನೋಡುತ್ತಿದ್ದರು. ಅಕ್ಕನ ಬಾಯಿ ಅಲ್ಲಿ ಅರ್ಧ ತೆರೆದೇ ಇತ್ತು. ಅಂದು ಕಟ್ಟೆಯ ಮೇಲೆ ಒಂದು ಜಾಗ ತಪ್ಪಾದದ್ದಕ್ಕೆ ಬಾಯಿ ತಡೆಯಲಾರದೆ ಹೋದ ಮನುಷ್ಯ. ನಾನು ಕಾದೆ. ಹೊರಗೆ ಆಟೋದವನೊಬ್ಬ ಹಾರ್ನ್ ಒತ್ತುತ್ತಲೇ ಇದ್ದ. ಆಮೇಲೆ ಮೇಸ್ತ್ರಿ ಮಂಡಿಯ ಮೇಲೆ ಕೈಯೂರಿ ಎದ್ದರು.

"ಎಲ್ಲಾ ಸರಿಗೈತೆ ಕಣಪ್ಪ" ಎಂದರು. ಬಾಗಿಲವರೆಗೆ ಹೋಗಿ ನಿಂತು, ತಿರುಗದೆಯೇ ಹೇಳಿದರು, "ಆದ್ರೆ ಇನ್ನೊಂದ್ ಸಲ ಓದ್ಬೇಡ."

ಫ್ಲೆಕ್ಸನ್ನು ನೀರಿನ ಟ್ಯಾಂಕಿಗೇ ಕಟ್ಟಿದ್ದಾರೆ. ಇವತ್ತು ಹಬ್ಬದ ದಿನ ಆ ದಾರಿಯಲ್ಲೇ ಬಂದೆ. ಕೆಳಗೆ ಯಾರೋ ಬೂದುಗುಂಬಳ ಒಡೆದಿದ್ದರು, ಕುಂಕುಮ ಕಟ್ಟೆಯವರೆಗೂ ಹಾರಿತ್ತು. ಕಟ್ಟೆಯ ಮೇಲೆ ಬೈಕುಗಳನ್ನು ಹತ್ತಿಸಿ ಪೂಜೆ ಮಾಡಿದ್ದರು. ಭಾನುವಾರ ಅಲ್ಲಿ ಕುಳಿತು ಕೇಳುವುದಕ್ಕೆ ಈಗ ಜಾಗವೂ ಇಲ್ಲ, ಓದುವವರೂ ಇಲ್ಲ. ನಿಂತು ಅಕ್ಕನ ಮುಖ ನೋಡಿದೆ. ಅವರು ನನಗೆ ಬೇಕಾಗಿತ್ತು. ನನ್ನ ಡಬ್ಬಿಯ ಚಿತ್ರಾನ್ನ ತಿಂದು ನನ್ನನ್ನೇ ಬೈಯುವುದಕ್ಕೆ ಬೇಕಾಗಿತ್ತು. ಅವರ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿದ್ದೇನೆ, ಕೆಳಗಿನವರೆಲ್ಲರ ಹೆಸರಿಗಿಂತ ದೊಡ್ಡದಾಗಿ. ಅಷ್ಟು ಮಾಡಲು ಸಾಧ್ಯವಾಯಿತು.

ಯಾವುದೋ ಷೆಡ್ಡಿನವರು ಕರೆದು ಪ್ರಸಾದ ಕೊಟ್ಟರು. ಮನೆಗೆ ಬಂದು ಪೊಟ್ಟಣ ತೆಗೆದೆ. ಈಗ ಕಡ್ಲೆಪುರಿಯನ್ನು ಕಾಗದದಲ್ಲಿ ಕಟ್ಟುವುದಿಲ್ಲ, ಬಿಳಿ ಪ್ಲಾಸ್ಟಿಕ್ ಕವರಿನಲ್ಲಿ ಕೊಡುತ್ತಾರೆ. ಅದರ ಮೇಲೆ ಓದುವುದಕ್ಕೆ ಏನೂ ಇರಲಿಲ್ಲ.